ಎಕ್ಕವನ್ನು ಒಳಗಿಟ್ಟುಕೊಂಡು ಸಣ್ಣ ಎಲೆ ಇಳಿಸುವುದನ್ನು ನಿಷೇಧಿಸುವ ಬಗ್ಗೆ

ಅಧೀಕ್ಷಕರ ಕಾರ್ಯಾಲಯ
(ಎರಡನೇ ಮಹಡಿ, ದಾಖಲೆ ಕೋಣೆಯ ಪಕ್ಕ. ಲಿಫ್ಟು ದುರಸ್ತಿಯಲ್ಲಿದೆ.)

ಸಂಖ್ಯೆ: ಅಕಾ/ಊಟದ ಬಿಡುವು/ಬ್ರಿಡ್ಜ್/ಡೈಮಂಡ್ ಎಕ್ಕ/೧
ದಿನಾಂಕ: ಘಟನೆಯ ನಂತರದ ಎರಡನೇ ಸೋಮವಾರ

ಸುತ್ತೋಲೆ

ವಿಷಯ: ಸ್ನೇಹಪೂರ್ವಕ ಬ್ರಿಡ್ಜ್ ಕಾರ್ಡಾಟದಲ್ಲಿ ಮೊದಲ ಎಲೆ ಇಳಿಸುವ ಸಿಬ್ಬಂದಿಯು ಎಕ್ಕವನ್ನು ಕೈಯಲ್ಲೇ ಇಟ್ಟುಕೊಂಡು ಅದೇ ಬಣ್ಣದ ಸಣ್ಣ ಎಲೆಯನ್ನು ಇಳಿಸಿ ಜೊತೆಗಾರರನ್ನು ಸಂಕಷ್ಟಕ್ಕೆ ಗುರಿಪಡಿಸುವುದನ್ನು ತಡೆಗಟ್ಟುವ ಬಗ್ಗೆ, ಹಾಗೂ ಒಂದು ಕುರ್ಚಿಯ ಬಗ್ಗೆ.

ಉಲ್ಲೇಖ:
(೧) ವಿರಾಮ ಕೋಣೆಯಲ್ಲಿ ನಡೆದ ದುರ್ಘಟನೆ.
(೨) ಉಗ್ರಾಣ ಶಾಖೆಯ ವಿತರಣಾ ಚೀಟಿ. ಬಾಬ್ತು: ಖಾಲಿ ಕುರ್ಚಿ, ಒಂದು.
(೩) ಅಧೀಕ್ಷಕರ ಮನೆಯ ಅಡುಗೆಮನೆಯಿಂದ ಹೊರಟ ಮೌಖಿಕ ಆದೇಶ. (ಪ್ರತಿ ಲಭ್ಯವಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಂಡಿರುತ್ತಾರೆ.)

ಪ್ರಸ್ತಾವನೆ:

ಈ ಕಾರ್ಯಾಲಯದ ವಿರಾಮ ಕೋಣೆಯಲ್ಲಿ ಊಟದ ಬಿಡುವಿನ ವೇಳೆ ನಾಲ್ವರು ಸಿಬ್ಬಂದಿ ಬ್ರಿಡ್ಜ್ ಆಡುವ ಪದ್ಧತಿಯು ಬಹುಕಾಲದಿಂದ ಜಾರಿಯಲ್ಲಿದೆ. ಎದುರುಬದುರು ಕೂತವರು ಒಂದು ಜೋಡಿ. ರವಾನೆ ಶಾಖೆಯ ಮೇಡಂ ಮತ್ತು ನಕ್ಷೆಗಾರರು ಒಂದು ಕಡೆ. ಉಗ್ರಾಣ ಪಾಲಕರು ಮತ್ತು ಕೆಳಗೆ ಸಹಿ ಮಾಡಿರುವ ಅಧೀಕ್ಷಕರು ಇನ್ನೊಂದು ಕಡೆ. ಹಣದ ಪಣ ಇರುವುದಿಲ್ಲ. "ಇದು ಸ್ನೇಹಪೂರ್ವಕ ಆಟ" ಎಂದು ಬರೆದು ಗೋಡೆಗೆ ಅಂಟಿಸಲಾಗಿದ್ದು, ಸದರಿ ಚೀಟಿಯ ಮೇಲಿನ ಎರಡೂ ಮೂಲೆಗಳು ಘಟನೆಯ ದಿನದಿಂದ ಕಿತ್ತುಬಂದು ಜೋತಾಡುತ್ತಿವೆ.

ಉಗ್ರಾಣ ಪಾಲಕರು ಅಧೀಕ್ಷಕರ ಹೆಂಡತಿಯ ಅಣ್ಣ. ಕೆಲಸದ ವೇಳೆಯಲ್ಲಿ ಅವರು ಇವರನ್ನು "ಸಾರ್" ಎನ್ನುವುದೂ, ಬಿಡುವಿನ ವೇಳೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು "ಭಾವ" ಎನ್ನುವುದೂ ರೂಢಿ. ಊಟದ ಡಬ್ಬಿಯ ಮುಚ್ಚಳ ತೆರೆದ ಸದ್ದಿಗೆ "ಸಾರ್" ಮುಗಿದು "ಭಾವ" ಶುರುವಾಗುತ್ತಿತ್ತು. ಈ ವ್ಯವಸ್ಥೆಗೆ ಲಿಖಿತ ಆದೇಶವೇನೂ ಇರಲಿಲ್ಲ, ಬೇಕೂ ಆಗಿರಲಿಲ್ಲ.

ಘಟನೆಯ ದಿನ ಮೇಡಂ ಇಸ್ಪೇಟನ್ನು ತುರುಫಾಗಿಟ್ಟು ಹದಿಮೂರು ಪಟ್ಟುಗಳಲ್ಲಿ ಹತ್ತನ್ನು ಗೆಲ್ಲುವುದಾಗಿ ಕೂಗಿದರು. (ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು. ಹೊಸದಾಗಿ ಸೇವೆಗೆ ಸೇರಿದವರ ಅನುಕೂಲಕ್ಕಾಗಿ ಇದನ್ನು ತಿಳಿಸಲಾಗಿದೆ.) ಅವರನ್ನು ತಡೆಯಲು ನಮ್ಮ ಜೋಡಿಗೆ ನಾಲ್ಕು ಪಟ್ಟು ಬೇಕಿತ್ತು. ಅಧೀಕ್ಷಕರ ಕೈಯಲ್ಲಿ ಮೂರು ಗಟ್ಟಿಯಾಗಿದ್ದವು. ಉಗ್ರಾಣ ಪಾಲಕರ ಕೈಯಲ್ಲಿ ಡೈಮಂಡ್ ಎಕ್ಕ ಇತ್ತು. ಮೂರಕ್ಕೆ ಒಂದು ಕೂಡಿದರೆ ನಾಲ್ಕಾಗುತ್ತದೆ ಎಂಬುದಕ್ಕೆ ಲೆಕ್ಕಪತ್ರ ಶಾಖೆಯ ಒಪ್ಪಿಗೆಯನ್ನೂ ಪಡೆಯಲಾಗಿದೆ.

ಮೊದಲ ಎಲೆ ಉಗ್ರಾಣ ಪಾಲಕರದ್ದು. ಅವರು ಎಕ್ಕವನ್ನು ಎದೆಗವಚಿಕೊಂಡು ಡೈಮಂಡ್ ಮೂರನ್ನು ಇಳಿಸಿದರು. ನಕ್ಷೆಗಾರರು ಆಟದ ನಿಯಮದಂತೆ ತಮ್ಮ ಎಲೆಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಕೈಕಟ್ಟಿ ಕೂತರು. ಅದರಲ್ಲಿ ಡೈಮಂಡ್ ರಾಜ ಇರಲಿಲ್ಲ. ಅಧೀಕ್ಷಕರು ತಮ್ಮಲ್ಲಿದ್ದ ಡೈಮಂಡ್ ರಾಣಿಯನ್ನು ಹಾಕಿದರು. ಆಗ ಮೇಡಂ ಡೈಮಂಡ್ ರಾಜನನ್ನು ಮೇಜಿನ ಮೇಲಿಟ್ಟರು. ಅವರ ಬಳಿ ಇದ್ದ ಡೈಮಂಡ್ ಅದೊಂದೇ. ಎಕ್ಕ ಇಳಿದಿದ್ದರೆ ಆ ಒಂಟಿ ರಾಜ ಬಾಯಿ ಮುಚ್ಚಿಕೊಂಡು ಬಂದು ಅದರ ಕೆಳಗೆ ಬೀಳಬೇಕಿತ್ತು. ಇಳಿಯಲಿಲ್ಲವಾದ್ದರಿಂದ ರಾಜ ಗೆದ್ದ, ರಾಣಿ ಹೋದಳು. ಆಮೇಲೆ ಉಗ್ರಾಣ ಪಾಲಕರು ಎಕ್ಕವನ್ನು ಹೊರತೆಗೆದಾಗ, ಡೈಮಂಡ್ ಖಾಲಿಯಾಗಿದ್ದ ಮೇಡಂ ಅದನ್ನು ತುರುಫಾದ ಇಸ್ಪೇಟಿನ ಎರಡರಿಂದ ಹೊಡೆದು ಹಾಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಹತ್ತು ಕೂಗಿದ್ದವರು ಹತ್ತನ್ನೇ ಗೆದ್ದು ಡಬ್ಬಿ ತೊಳೆಯಲು ಎದ್ದು ಹೋದರು.

ಹೀಗೇಕೆ ಮಾಡಲಾಯಿತೆಂದು ಸ್ಥಳದಲ್ಲೇ ವಿಚಾರಿಸಲಾಗಿ, ಉಗ್ರಾಣ ಪಾಲಕರು ಈ ಕೆಳಗಿನಂತೆ ಹೇಳಿಕೆ ನೀಡಿರುತ್ತಾರೆ: "ಇರೋ ಒಂದೇ ಒಂದನ್ನ ಮೊದಲೇ ಹೊರಗೆ ಬಿಡೋಕೆ ಕೈ ಬರಲಿಲ್ಲ ಭಾವ. ರಾಜ ನಿಮ್ಮ ಹತ್ರಾನೇ ಇರ್ತಾನೆ ಅಂದ್ಕೊಂಡೆ."

ಹೇಳಿಕೆಯ ಮೊದಲ ಭಾಗವನ್ನು ಕಾರ್ಯಾಲಯದ ಯಾರೂ ಅನುಮಾನಿಸುವಂತಿಲ್ಲ. ಸದರಿಯವರು ಉಗ್ರಾಣದ ಬೀಗದ ಕೈ ಪಡೆದಂದಿನಿಂದ ಯಾವ ವಸ್ತುವಿನ ಕೊನೆಯ ಒಂದನ್ನೂ ಯಾರಿಗೂ ಕೊಟ್ಟಿರುವುದಿಲ್ಲ. ಕೊನೆಯ ಟ್ಯೂಬ್‌ಲೈಟು ಉಗ್ರಾಣದಲ್ಲಿರುವಾಗಲೇ ದಾಖಲೆ ಕೋಣೆಯವರು ಟಾರ್ಚು ಹಿಡಿದು ಕಡತ ಹುಡುಕಿದ್ದಾರೆ. ಕೊನೆಯ ಸ್ಟಾಂಪ್ ಪ್ಯಾಡು ಬೀರುವಿನೊಳಗೇ ಒಣಗಿ ಇಟ್ಟಿಗೆಯಾಗಿದ್ದು, ಈಗ ಅದನ್ನು ಬಾಗಿಲಿಗೆ ಅಡ್ಡ ಇಡಲಾಗಿದೆ. ಕೇಳಿದವರಿಗೆಲ್ಲ ಅವರ ಉತ್ತರ ಒಂದೇ: "ಕೊಟ್ಟುಬಿಟ್ರೆ, ನಾಳೆ ನಿಜವಾಗ್ಲೂ ಬೇಕಾದಾಗ ಏನ್ಮಾಡ್ತೀರಿ?"

ಹೇಳಿಕೆಯ ಎರಡನೇ ಭಾಗವನ್ನು ಅಂದು ಪರಿಶೀಲಿಸಲಾಗಿರಲಿಲ್ಲ. ಅದಕ್ಕೆ ಮೊದಲೇ ಅಧೀಕ್ಷಕರಿಂದ, "ನಿಮ್ಮ ಜಾಗದಲ್ಲಿ ಒಂದು ಖಾಲಿ ಕುರ್ಚಿ ಇದ್ದಿದ್ರೂ ನಾವು ಗೆಲ್ತಿದ್ವಿ" ಎಂಬ ಮಾತು ಹೊರಬಿದ್ದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯು ಆ ಹೊತ್ತಿನಲ್ಲಿ ಅಧೀಕ್ಷಕರ ಗಮನಕ್ಕೆ ಬಂದಿರಲಿಲ್ಲ.

ಮರುದಿನ ಬಿಡುವಿನ ವೇಳೆಗೆ ಉಗ್ರಾಣ ಪಾಲಕರು ಬರಲಿಲ್ಲ. ಬದಲಿಗೆ ಉಲ್ಲೇಖ (೨)ರ ಚೀಟಿಯೊಂದಿಗೆ ಹೊಚ್ಚ ಹೊಸ ಕುರ್ಚಿಯೊಂದು ಬಂದಿತು. ಚೀಟಿಯಲ್ಲಿ, "ಸಾರ್, ತಾವು ಬಯಸಿದಂತೆ. ದಾಸ್ತಾನು ಬಾಕಿ: ಇಲ್ಲ" ಎಂದು ನಮೂದಿಸಲಾಗಿತ್ತು. ಉಗ್ರಾಣದಿಂದ ಕೊನೆಯ ವಸ್ತುವೊಂದು ಹೊರಬಿದ್ದದ್ದು ಇದೇ ಮೊದಲು. ಅದನ್ನು ಓದಿ ಮೇಡಂ ಅವರ ನಗು ನಿಂತುಹೋಯಿತು. ನಕ್ಷೆಗಾರರು ಒಂದು ಸಲ "ಅಯ್ಯೋ" ಎಂದರು. ಆದ್ದರಿಂದ ಈ ಕೆಳಕಂಡ ನಿಯಮಗಳನ್ನು ಹೊರಡಿಸುವುದು ಅನಿವಾರ್ಯವಾಗಿದೆ. ಅಧೀಕ್ಷಕರು ಅಂದು ಸೋತ ಜೋಡಿಯಲ್ಲಿದ್ದರೆಂಬುದಕ್ಕೂ ಇದಕ್ಕೂ ಯಾವುದೇ ಸಂಬಂಧವಿರುವುದಿಲ್ಲ.

ನಿಯಮಗಳು:

೧. ಯಾವುದೇ ಸಿಬ್ಬಂದಿಯು ಒಂದು ಬಣ್ಣದ ಎಕ್ಕವನ್ನು ಕೈಯಲ್ಲಿಟ್ಟುಕೊಂಡು ಅದೇ ಬಣ್ಣದ ಸಣ್ಣ ಎಲೆಯನ್ನು ಮೊದಲಿಗೆ ಇಳಿಸತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ. ಸೇವಾ ಜ್ಯೇಷ್ಠತೆ, ವಯಸ್ಸು, ಬಂಧುತ್ವ, ಅಥವಾ "ಏನೋ ಹೊಳೀತು" ಎಂಬ ಕಾರಣಗಳ ಮೇಲೆ ವಿನಾಯಿತಿ ಕೋರುವಂತಿಲ್ಲ.

೨. ಅಂಥ ಎಲೆ ಇಳಿಸುವ ಹುಮ್ಮಸ್ಸು ತಡೆಯಲಾರದಷ್ಟು ಬಂದಲ್ಲಿ, ಸದರಿ ಸಿಬ್ಬಂದಿಯು ಮೇಜಿನ ಮೇಲಿನ ಬಿಳಿ ಹಾಳೆಯಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಎಲೆಯ ಹೆಸರಾಗಲಿ ಬಣ್ಣವಾಗಲಿ ಕಾರಣವಾಗಲಿ ಇರಕೂಡದು, ಏಕೆಂದರೆ ಎದುರಾಳಿಗಳು ಓದಿಬಿಡುತ್ತಾರೆ. ಏನನ್ನೂ ತಿಳಿಸದ ಈ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶ ಹೊರಡಿಸಲಾಗುವುದು. ಅಲ್ಲಿಯವರೆಗೆ ಉಳಿದ ಮೂವರು ತಮ್ಮ ಎಲೆಗಳನ್ನು ಬೋರಲು ಹಾಕಿ ಫ್ಯಾನನ್ನು ನೋಡುತ್ತಿರತಕ್ಕದ್ದು.

೨(ಅ). ಫ್ಯಾನನ್ನು ಎರಡಕ್ಕಿಂತ ಹೆಚ್ಚಿಗೆ ತಿರುಗಿಸತಕ್ಕದ್ದಲ್ಲ. ಮೂರಕ್ಕೆ ಹೋದರೆ ಎಲೆಗಳು ತಾವಾಗಿಯೇ ಇಳಿಯುತ್ತವೆ. ಹಾಗೆ ಹಾರಿಬಂದ ಎಲೆಯನ್ನು "ಅದು ನಾನು ಹಾಕಿದ್ದಲ್ಲ, ಗಾಳಿ ಹಾಕಿದ್ದು" ಎಂದು ವಾಪಸು ಪಡೆಯುವವರು ಕಾರ್ಯನಿರತ ಫ್ಯಾನನ್ನೇ ಸಾಕ್ಷಿಯಾಗಿ ತೋರಿಸತಕ್ಕದ್ದು.

೩. ಎಕ್ಕವು ದಾಸ್ತಾನು ಅಲ್ಲ. ಅದನ್ನು ಮುಂದಿನ ವರ್ಷಕ್ಕೆ ಕಾದಿರಿಸಲಾಗದು. ಹದಿಮೂರನೇ ಪಟ್ಟಿನವರೆಗೂ ಕೈಯಲ್ಲುಳಿದ ಎಕ್ಕಕ್ಕೂ ಬಾಗಿಲಿಗೆ ಅಡ್ಡ ಇಟ್ಟಿರುವ ಸ್ಟಾಂಪ್ ಪ್ಯಾಡಿಗೂ ವ್ಯತ್ಯಾಸ ಕಾಣುವುದಿಲ್ಲ. (ಈ ನಿಯಮದ ಧಾಟಿ ತುಸು ಖಾರವಾಗಿದೆಯೆಂದು ನಕ್ಷೆಗಾರರು ಅಭಿಪ್ರಾಯಪಟ್ಟಿರುತ್ತಾರೆ. ಟೈಪಾಗಿ ಹೋಗಿರುವುದರಿಂದ ಬದಲಿಸಲಾಗಿಲ್ಲ.)

೪. ಒಂಟಿ ರಾಜನನ್ನು ಹೊಂದಿರುವ ಸಿಬ್ಬಂದಿಯು ಅವನನ್ನು ಇಳಿಸುವಾಗ, ರವಾನೆ ಶಾಖೆಯಲ್ಲಿ ಲಕೋಟೆಗೆ ಮೊಹರು ಒತ್ತುವ ಧಾಟಿಯಲ್ಲಿ ಮೇಜಿಗೆ ಗುದ್ದತಕ್ಕದ್ದಲ್ಲ. ಮೇಜಿನ ನಾಲ್ಕನೇ ಕಾಲಿನ ಕೆಳಗೆ ಮಡಿಸಿಟ್ಟಿರುವ ಹಳೆಯ ಸುತ್ತೋಲೆಯು ಈಗಾಗಲೇ ತೆಳ್ಳಗಾಗಿದೆ. ನಗುವುದಾದರೆ ಒಂದು ತುಟಿಯಿಂದ ಮಾತ್ರ ನಗತಕ್ಕದ್ದು.

೫. ಎಲೆ ಬಿಚ್ಚಿಟ್ಟು ಕೂತ ಸಿಬ್ಬಂದಿಗೆ ಆ ಆಟದಲ್ಲಿ ಬೇರೆ ಕೆಲಸವಿಲ್ಲ ಎಂಬುದು ನಿಜ. ಆದರೆ ಬಿಚ್ಚಿಟ್ಟ ಎಲೆಗಳ ಅಂಚುಗಳನ್ನು ತ್ರಿಕೋನ ಪಟ್ಟಿಯಿಂದ ನೇರ ಮಾಡುತ್ತ ಕೂರುವುದನ್ನೂ, ಎದುರಾಳಿ ಮುಳುಗುತ್ತಿರುವಾಗ ಮೂಗಿನಲ್ಲಿ ಹಾಡು ಗುನುಗುವುದನ್ನೂ ನಿಲ್ಲಿಸತಕ್ಕದ್ದು.

೬. ಆಟ ಮುಗಿದ ಮೇಲೆ ಜೊತೆಗಾರರನ್ನು ಉದ್ದೇಶಿಸಿ ಈ ಕೆಳಗಿನ ಮಾತುಗಳನ್ನು ಆಡುವುದನ್ನು ನಿಷೇಧಿಸಲಾಗಿದೆ: "ನಾನಾಗಿದ್ರೆ", "ಚಿಕ್ಕ ಮಕ್ಕಳೂ ಹಾಗೆ ಮಾಡಲ್ಲ", "ಹೋಗ್ಲಿ ಬಿಡಿ" (ಬಿಡದೇ ಇರುವ ಧ್ವನಿಯಲ್ಲಿ ಹೇಳಿದಾಗ), "ಇರಲಿ, ಸಂಜೆ ನಿಮ್ಮ ತಂಗಿ ಹತ್ರ ಮಾತಾಡ್ತೀನಿ". ನಿಟ್ಟುಸಿರಿಗೆ ಅವಕಾಶವಿದೆ, ಅದು ಎದುರಿನವರ ಎಲೆಗಳು ಅಲುಗದಷ್ಟಿರಬೇಕು. ಕುರ್ಚಿ, ಮೇಜು, ಬೀರು ಮುಂತಾದ ಪೀಠೋಪಕರಣಗಳೊಂದಿಗೆ ಜೊತೆಗಾರರನ್ನು ಹೋಲಿಸುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದ್ದು, ಈ ನಿಯಮವು ಹಿಂದಿನ ದಿನಾಂಕದಿಂದ ಜಾರಿಗೆ ಬಂದಿದೆಯೆಂದು ಭಾವಿಸತಕ್ಕದ್ದು.

೭. (ಕೈಬಿಡಲಾಗಿದೆ.) ಭಾವಂದಿರು ಇನ್ನು ಮುಂದೆ ಒಂದೇ ಜೋಡಿಯಲ್ಲಿ ಆಡಕೂಡದೆಂಬ ನಿಯಮ ಇಲ್ಲಿತ್ತು. ಕರಡನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ ಮರೆತು ಬಂದಿದ್ದರಿಂದ ಉಲ್ಲೇಖ (೩)ರ ಆದೇಶ ಹೊರಬಿತ್ತು. ಅದರ ಪೂರ್ಣಪಾಠ: "ನಮ್ಮಣ್ಣ ಕುರ್ಚಿಗಿಂತ ಕಡೆ ಆಗ್ಬಿಟ್ನಾ ನಿಮಗೆ? ಹಾಗಿದ್ರೆ ನಾಳೆಯಿಂದ ನಿಮ್ಮ ಡಬ್ಬೀನೂ ಆ ಕುರ್ಚೀನೇ ಕಟ್ಟಿಕೊಡ್ಲಿ." ಅಂದಿನಿಂದ ಅಧೀಕ್ಷಕರು ಬಿಡುವಿನ ವೇಳೆಯಲ್ಲಿ ಬರೀ ಬ್ರೆಡ್ಡು ತಿನ್ನುತ್ತಿದ್ದು, ಮೇಲ್ಮನವಿಗೆ ಅವಕಾಶವಿಲ್ಲವೆಂದು ತಿಳಿದುಬಂದಿದೆ. ಉಗ್ರಾಣದ ಕಿಟಕಿಯ ಮೂಲಕ ನೋಡಲಾಗಿ, ಅಣ್ಣನಿಗೆ ತಂಗಿಯಿಂದ ಎರಡು ಡಬ್ಬಿ ಹೋಗುತ್ತಿರುವುದು ಕಂಡುಬಂದಿರುತ್ತದೆ. ಎರಡನೆಯದನ್ನು ಅವರು ತೆರೆಯದೆ ಬೀರುವಿನಲ್ಲಿಡುತ್ತಿದ್ದಾರೆ.

೮. ಖಾಲಿ ಕುರ್ಚಿಯ ಕಾರ್ಯನಿರ್ವಹಣೆ. ಕುರ್ಚಿ ಬಂದ ಮೇಲೆ ಅದನ್ನು ಪ್ರಾಯೋಗಿಕವಾಗಿ ಅಧೀಕ್ಷಕರ ಜೊತೆಗಾರನಾಗಿ ನೇಮಿಸಿ, ಅದರ ಎಲೆಗಳನ್ನು ಅದರ ಮೇಲೇ ಹರಡಿ, ಅದರ ಪರವಾಗಿಯೂ ಅಧೀಕ್ಷಕರೇ ಆಡಿದರು. ವರದಿ ಈ ಕೆಳಗಿನಂತಿದೆ. ಕುರ್ಚಿಯು ಎಕ್ಕವನ್ನು ಬಚ್ಚಿಟ್ಟುಕೊಳ್ಳಲಿಲ್ಲ. ತಡವಾಗಿ ಬರಲಿಲ್ಲ. ಇಸ್ಪೇಟು ಯಾವುದು ಕ್ಲಾವರ್ ಯಾವುದು ಎಂದು ಕನ್ನಡಕ ಏರಿಸಿ ನೋಡಲಿಲ್ಲ. ಆಟವನ್ನು ಗೆದ್ದದ್ದೂ ಆಯಿತು. ಗೆದ್ದಾಗ ಅಧೀಕ್ಷಕರು ಅಭ್ಯಾಸಬಲದಿಂದ ಎದುರಿಗೆ ಕೈ ಚಾಚಿದರು. ಮೇಡಂ ಫ್ಯಾನಿನ ಕಡೆ ನೋಡಿದರು. "ಹೊಡೆದ್ರಿ ನೋಡಿ ಭಾವ!" ಎಂದು ತೊಡೆ ತಟ್ಟುವವರು ಯಾರೂ ಇರಲಿಲ್ಲ. ಒಂದೂ ತಪ್ಪು ಮಾಡಲಿಲ್ಲ ಎಂಬುದೇ ಸದರಿ ಕುರ್ಚಿಯ ಮೇಲಿನ ಮುಖ್ಯ ಆಪಾದನೆ. ಆ ದಿನದಿಂದ ಆಟ ನಿಂತಿದೆ. ಮೇಡಂ ಬಿಡುವಿನಲ್ಲಿ ಲಕೋಟೆ ಅಂಟಿಸುತ್ತಾರೆ, ನಕ್ಷೆಗಾರರು ಪೆನ್ಸಿಲು ಚೂಪು ಮಾಡುತ್ತಾರೆ. ಕಾರ್ಯಾಲಯದ ಎಲ್ಲ ಪೆನ್ಸಿಲುಗಳೂ ಈಗ ಅರ್ಧಕ್ಕೆ ಬಂದಿವೆ.

೯. ವರ್ಗಾವಣೆ ಅರ್ಜಿ. ಉಗ್ರಾಣ ಪಾಲಕರು ತಮ್ಮನ್ನು ಊರಾಚೆಯ ಗೋದಾಮಿಗೆ ವರ್ಗಾಯಿಸುವಂತೆ ಕೋರಿ ಅರ್ಜಿ ಸಲ್ಲಿಸಿರುತ್ತಾರೆ. ಕಾರಣದ ಜಾಗದಲ್ಲಿ "ಅಲ್ಲಿ ಕುರ್ಚಿಗಳು ಸಾಕಷ್ಟಿಲ್ಲವೆಂದು ತಿಳಿದು" ಎಂದು ಬರೆದಿರುತ್ತಾರೆ. ಅರ್ಜಿಯು ಈ ವಾರಾಂತ್ಯದೊಳಗೆ ಅಧೀಕ್ಷಕರ ಸಹಿಯೊಂದಿಗೆ ಮೇಲಿನ ಕಚೇರಿಗೆ ಹೋಗಬೇಕಿದೆ. ಆದರೆ ಅಧೀಕ್ಷಕರ ಪೆನ್ನಿನಲ್ಲಿ ಶಾಯಿ ಮುಗಿದಿದೆ. ಬೇರೆಯವರ ಪೆನ್ನಿನಲ್ಲಿ ಸಹಿ ಮಾಡುವ ಅಭ್ಯಾಸ ಅಧೀಕ್ಷಕರಿಗೆ ಇರುವುದಿಲ್ಲ, ಅದರಲ್ಲೂ ಈ ವಾರ. ಆದ್ದರಿಂದ ಒಂದು ರೀಫಿಲ್ ಕೋರಿ ಉಗ್ರಾಣಕ್ಕೆ ಇಂಡೆಂಟ್ ಕಳಿಸಲಾಗಿತ್ತು. ಅದು ಅರ್ಧ ಗಂಟೆಯೊಳಗೆ ಹಿಂದಿರುಗಿದ್ದು, ಅದರ ಮೇಲಿನ ಷರಾ ಈ ರೀತಿ ಇದೆ: "ದಾಸ್ತಾನಿನಲ್ಲಿ ಒಂದೇ ಇದೆ. ಕೊಡಲಾಗುವುದಿಲ್ಲ."

೯(ಅ). ಈ ಷರಾವನ್ನು ಅಧೀಕ್ಷಕರು ಹಲವು ಬಾರಿ ಓದಿರುತ್ತಾರೆ. ಕೊನೆಯ ಕುರ್ಚಿಯನ್ನು ಕೊಟ್ಟ ವ್ಯಕ್ತಿ, ತನ್ನದೇ ವರ್ಗಾವಣೆಗೆ ಸಹಿ ಬೀಳಬೇಕಾದ ಕೊನೆಯ ರೀಫಿಲ್ಲನ್ನು ಕೊಡಲು ನಿರಾಕರಿಸಿದ್ದಾರೆ. ಇದು ಬರೀ ಉಗ್ರಾಣದ ಬುದ್ಧಿಯೋ, ಅಥವಾ ಹೋಗಲು ಮನಸ್ಸಿಲ್ಲದ ಲಕ್ಷಣವೋ ಎಂಬ ಬಗ್ಗೆ ಮೇಡಂ ಮತ್ತು ನಕ್ಷೆಗಾರರ ಅಭಿಪ್ರಾಯ ಕೇಳಲಾಯಿತು. ಎರಡನೆಯದೇ ಎಂದು ಇಬ್ಬರೂ ತಿಳಿಸಿರುತ್ತಾರೆ. ಮೇಡಂ ಅವರು ತಮ್ಮ ಅಭಿಪ್ರಾಯದ ಜೊತೆಗೆ, "ನೀವೇ ಹೋಗಿ ಒಂದು ಮಾತು ಆಡಬಾರ್ದಾ ಸಾರ್? ನಾಲ್ಕು ಮೆಟ್ಟಿಲು ಇಳಿದ್ರೆ ಆಯ್ತಲ್ಲ" ಎಂದೂ ಸೇರಿಸಿರುತ್ತಾರೆ. ಬಾಯಿಂದ ಆಡಿದ ಒಂದು ಮಾತಿನಿಂದ ಇಷ್ಟಾಗಿರುವುದರಿಂದ, ಇನ್ನೊಂದನ್ನು ಲಿಖಿತವಾಗಿಯೇ ಆಡುವುದು ಕ್ಷೇಮವೆಂದು ತೀರ್ಮಾನಿಸಿ ಈ ಸುತ್ತೋಲೆಯನ್ನು ಹೊರಡಿಸಲಾಗುತ್ತಿದೆ.

೧೦. ಹೇಳಿಕೆಯ ಎರಡನೇ ಭಾಗ. "ರಾಜ ನಿಮ್ಮ ಹತ್ರಾನೇ ಇರ್ತಾನೆ ಅಂದ್ಕೊಂಡೆ" ಎಂಬ ಉಗ್ರಾಣ ಪಾಲಕರ ಮಾತನ್ನು ತಡವಾಗಿಯಾದರೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ರಾಜ ಅಧೀಕ್ಷಕರ ಬಳಿ ಇದ್ದಿದ್ದರೆ ಆ ಪಟ್ಟು ನಮ್ಮದಾಗುತ್ತಿತ್ತು, ಎಕ್ಕವೂ ಕೈಯಲ್ಲೇ ಉಳಿಯುತ್ತಿತ್ತು, ಸಣ್ಣ ಎಲೆ ಇಳಿಸಿದವರನ್ನು ಅಧೀಕ್ಷಕರು ವಾರವಿಡೀ ಹೊಗಳುತ್ತಿದ್ದರು. ಅಂದರೆ ಸದರಿ ಆಟವು ಎದುರಿಗಿರುವವರ ಮೇಲಿನ ನಂಬಿಕೆಯಿಂದ ಆಡಿದ್ದಾಗಿದೆ. ರಾಜ ತಮ್ಮ ಬಳಿ ಇಲ್ಲದೇ ಇದ್ದುದಕ್ಕೆ ಅಧೀಕ್ಷಕರು ಕೂಗಾಡಿದ್ದು ತಪ್ಪು. ಇದಕ್ಕೆ ಅಧೀಕ್ಷಕರಿಗೆ ಬೇಸರವಾಗಿದೆ. ಈ ವಾಕ್ಯವನ್ನು ಕರ್ಮಣಿ ಪ್ರಯೋಗದಲ್ಲಿ ಬರೆಯಲು ಪ್ರಯತ್ನಿಸಲಾಯಿತು; ಸರಿಬರಲಿಲ್ಲ.

೧೧. ಮೇಲಿನ ಎಲ್ಲ ಕಾರಣಗಳಿಂದ ನಿಯಮ ೧, ೨ ಮತ್ತು ೩ನ್ನು ಉಗ್ರಾಣ ಪಾಲಕರ ಮಟ್ಟಿಗೆ ಸಡಿಲಿಸಲಾಗಿದೆ. ಅವರು ಯಾವ ಎಕ್ಕವನ್ನು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದು. ಉಳಿದ ಸಿಬ್ಬಂದಿಗೆ ನಿಯಮಗಳು ಯಥಾವತ್ ಅನ್ವಯಿಸುತ್ತವೆ. ಇದು ತಾರತಮ್ಯವೆಂದು ಮೇಡಂ ಸಲ್ಲಿಸಬಹುದಾದ ಆಕ್ಷೇಪಣೆಯನ್ನು ಮುಂಚಿತವಾಗಿಯೇ ತಿರಸ್ಕರಿಸಲಾಗಿದೆ.

೧೨. ಉಲ್ಲೇಖ (೨)ರ ಖಾಲಿ ಕುರ್ಚಿಯನ್ನು ಇದರೊಂದಿಗೆ ಉಗ್ರಾಣಕ್ಕೆ ಹಿಂದಿರುಗಿಸಲಾಗುತ್ತಿದೆ. ಅದು ಸುಸ್ಥಿತಿಯಲ್ಲಿದೆ; ಬ್ರೆಡ್ಡಿನ ಪುಡಿಯನ್ನು ಒರೆಸಲಾಗಿದೆ. ದಾಸ್ತಾನಿನಲ್ಲಿ ಕೊನೆಯದೊಂದು ಇರಲೇಬೇಕೆಂಬ ಉಗ್ರಾಣ ಪಾಲಕರ ಪದ್ಧತಿ ಸರಿಯಾದುದೆಂದು, ಕೈಯಲ್ಲಿದ್ದುದನ್ನು ಕಳೆದುಕೊಂಡ ಮೇಲೆ ಈ ಕಾರ್ಯಾಲಯಕ್ಕೆ ಮನವರಿಕೆಯಾಗಿದೆ. ಎದುರು ಜಾಗದಲ್ಲಿ ಎಂದಿನ ಹಳೆಯ ಕುರ್ಚಿಯನ್ನೇ, ಅದೇ ಕಿರುಗುಟ್ಟುವಿಕೆಯೊಂದಿಗೆ, ಪುನಃ ಇರಿಸಲಾಗಿದೆ. ನಾಳೆ ಡಬ್ಬಿಯ ಮುಚ್ಚಳ ತೆರೆಯುವ ಹೊತ್ತಿಗೆ ಅದರ ಮೇಲೆ ಜನ ಇರತಕ್ಕದ್ದು.

೧೩. ಬರುವಾಗ ಬೀರುವಿನಲ್ಲಿರುವ ಎರಡನೇ ಡಬ್ಬಿಯನ್ನು ತರುವುದು. ಅದು ಯಾರಿಗಾಗಿ ತೆಗೆದಿಟ್ಟದ್ದೆಂದು ಅಧೀಕ್ಷಕರಿಗೆ ಗೊತ್ತಿದೆ. ಕೊನೆಯ ರೀಫಿಲ್ಲನ್ನು ಮಾತ್ರ ತರತಕ್ಕದ್ದಲ್ಲ.

ಈ ಸುತ್ತೋಲೆಯಲ್ಲಿರುವುದನ್ನು ಓದಿ ನಗುವವರು ತಮ್ಮ ತಮ್ಮ ಶಾಖೆಗಳಲ್ಲಿ ನಗತಕ್ಕದ್ದು. ಮೆಟ್ಟಿಲ ಮೇಲೆ ಗುಂಪುಗೂಡತಕ್ಕದ್ದಲ್ಲ.

ಸಹಿ/-
(ಪೆನ್ಸಿಲಿನಲ್ಲಿ)
ಅಧೀಕ್ಷಕರು

ಪ್ರತಿಗಳು:

೧. ರವಾನೆ ಶಾಖೆಯ ಮೇಡಂ ಅವರಿಗೆ. ಎಲ್ಲ ಪ್ರತಿಗಳನ್ನೂ ಇಂದೇ ರವಾನಿಸುವುದು. ಮೊಹರನ್ನು ಮೆಲ್ಲಗೆ ಒತ್ತುವುದು.
೨. ನಕ್ಷೆಗಾರರಿಗೆ. ಈ ಸಹಿಗಾಗಿ ಪಡೆದ ಪೆನ್ಸಿಲನ್ನು ಲಗತ್ತಿಸಿದೆ. ಮತ್ತೆ ಚೂಪು ಮಾಡಬೇಡಿ.
೩. ಲೆಕ್ಕಪತ್ರ ಶಾಖೆಗೆ. ಮೂರಕ್ಕೆ ಒಂದು ಕೂಡಿದರೆ ನಾಲ್ಕು ಎಂಬ ಬಗ್ಗೆ ಮುಂದಿನ ಪತ್ರವ್ಯವಹಾರ ಬೇಡ.
೪. ಮೇಲಿನ ಕಚೇರಿಗೆ. ಕಳಿಸಿಲ್ಲ.
೫. ವಿರಾಮ ಕೋಣೆಯ ಗೋಡೆಗೆ. "ಇದು ಸ್ನೇಹಪೂರ್ವಕ ಆಟ" ಎಂಬ ಚೀಟಿಯ ಮೂಲೆಗಳಿಗೆ ಹೊಸದಾಗಿ ಗೋಂದು ಹಚ್ಚುವುದು.
೬. ಅಧೀಕ್ಷಕರ ಮನೆಯ ಅಡುಗೆಮನೆಗೆ. ದಯವಿಟ್ಟು ನಿಯಮ ೧೦ನ್ನು ಮೊದಲು ಓದುವುದು.
೭. ಹೆಚ್ಚುವರಿ ಪ್ರತಿ, ಒಂದು. ಇರುವುದು ಇದೊಂದೇ. ಯಾರು ಕೇಳಿದರೂ ಕೊಡಬೇಡಿ. ಉಗ್ರಾಣದಲ್ಲಿ ಭದ್ರವಾಗಿಡಿ, ಭಾವ.